ಮೈಕಿಗೆ ಮೊದಲು, ಮೈಕಿನ ನಂತರ: ಕಾರವಾರದಲ್ಲೊಂದು ವಾದ್ಯವೃಂದ ಕಛೇರಿ

ಚಳಿಗಾಲದ ಒಂದು ಶನಿವಾರ ಸಂಜೆ ಕಾರವಾರದ ಸಭಾಂಗಣವೊಂದರಲ್ಲಿ ನಡೆದ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದದ ಕಛೇರಿಯನ್ನು ಎರಡು ಬೇರೆ ಬೇರೆ ಕಛೇರಿಗಳೆಂದು ತಿಳಿದೇ ವಿಮರ್ಶಿಸಬೇಕಾಗಿದೆ. ಬಿಡುವಿಗೆ ಮೊದಲು ಧ್ವನಿವರ್ಧಕದ ಹಂಗಿಲ್ಲದೆ ನಡೆದದ್ದು ಒಂದು. ಬಿಡುವಿನ ನಂತರ ಮೈಕುಗಳ ಕಾಡಿನ ನಡುವೆ ನಡೆದದ್ದು ಇನ್ನೊಂದು. ವಾದಕರು ಅವರೇ, ಅತಿಥಿಗಳಾಗಿ ಬಂದ ಸ್ಯಾಕ್ಸೊಫೋನ್ ವಾದಕರೂ ಸೊಪ್ರಾನೊ (ಅತಿ ಎತ್ತರದ ಹೆಣ್ಣುದನಿ) ಗಾಯಕಿಯೂ ಅವರೇ, ನಾನು ಕುಳಿತ ಕುರ್ಚಿಯೂ ಅದೇ. ಆದರೂ ಮೊದಲರ್ಧದಲ್ಲಿ ಕೇಳಿದ ನಾದ ಎರಡನೆಯ ಅರ್ಧದಲ್ಲಿ ಕೊನೆಯ ಕೆಲವು ನಿಮಿಷಗಳ ತನಕ ಮರಳಿ ಬರಲಿಲ್ಲ. ಗೋವಾ, ಮುಂಬೈ ಹಾಗೂ ಬೆಂಗಳೂರಿನ ಸುಮಾರು ನಲವತ್ತು ಮಂದಿ ವಾದಕರನ್ನು ಒಟ್ಟುಗೂಡಿಸಿ ನಮ್ಮ ಊರಿನ ತನಕ ಕರೆತಂದ ಸಂಘಟಕರ ಸಾಹಸವನ್ನು ಮನಸಾರೆ ಮೆಚ್ಚುತ್ತಲೇ ಈ ಮಾತನ್ನು ಹೇಳುತ್ತಿದ್ದೇನೆ.

ಕಾರ್ಯಕ್ರಮ ಆರಂಭವಾದದ್ದು ಫ್ರೆಂಚ್ ಸಂಯೋಜಕ ಬಿಜೆಯ ‘ಲಾರ್ಲೇಸಿಯೆನ್’ ಮೊದಲ ಸೂಟ್‌ನಿಂದ. 1872ರಲ್ಲಿ ಪ್ಯಾರಿಸ್ಸಿನ ನಾಟಕವೊಂದಕ್ಕೆಂದು ಬಿಜೆ ಬರೆದ ಹಿನ್ನೆಲೆ ಸಂಗೀತದಿಂದ ಆತನೇ ಆಯ್ದು ದೊಡ್ಡ ವಾದ್ಯವೃಂದಕ್ಕೆ ಹೊಂದಿಸಿದ ನಾಲ್ಕು ಭಾಗಗಳ ಕೃತಿ ಇದು. ಸ್ಯಾಕ್ಸೊಫೋನ್ ಅತಿಥಿಯಾಗಿರುವ ಸಂಜೆಗೆ ಇದಕ್ಕಿಂತ ಜಾಣತನದ ಆರಂಭ ಇರಲಾರದು. ಏಕೆಂದರೆ ಮೊದಲ ಭಾಗದಲ್ಲಿ ಮೆರವಣಿಗೆಯ ನಡೆಯಲ್ಲಿ ಬರುವ ಗಡುಸಾದ ಧಾಟಿ ಮುಗಿದ ಮೇಲೆ, ನಾಟಕದ ಮುಗ್ಧ ಹುಡುಗನೊಬ್ಬನನ್ನು ಸೂಚಿಸುವ ಮೆಲುಧಾಟಿಯನ್ನು ಬಿಜೆ ಆಲ್ಟೊ ಸ್ಯಾಕ್ಸೊಫೋನಿಗೇ ವಹಿಸಿದ್ದಾನೆ. ವಾದ್ಯವೃಂದದಲ್ಲಿ ಸ್ಯಾಕ್ಸೊಫೋನಿಗೆ ಸಿಕ್ಕ ಮೊದಮೊದಲ ಗೌರವದ ಸ್ಥಾನಗಳಲ್ಲಿ ಇದೊಂದು. ಅತಿಥಿ ಕಲಾವಿದರು ಈ ಭಾಗವನ್ನು ವೇದಿಕೆಯ ಮುಂದೆ ನಿಂತು ನುಡಿಸಲಿಲ್ಲ. ಕ್ಲಾರಿನೆಟ್ ವಾದಕರ ಪಕ್ಕದಲ್ಲಿ ಒಬ್ಬರಾಗಿ ಕುಳಿತು ನುಡಿಸಿದರು. ಮುಂದೆ ತಮ್ಮದೇ ಸರದಿ ಬರಲಿದೆ ಎಂದು ಗೊತ್ತಿದ್ದವರು ಮಾತ್ರ ಇಷ್ಟು ನಿರಾಳವಾಗಿ ಸಾಲಿನಲ್ಲಿ ಕುಳಿತಾರು. ಮೂರನೆಯ ಭಾಗವಾದ ‘ಅದಾಜಿಯೆತ್ತೊ’ ಕೇವಲ ತಂತಿವಾದ್ಯಗಳಿಗಾಗಿ, ಅದೂ ನಾದವನ್ನು ತಗ್ಗಿಸುವ ಮ್ಯೂಟ್ ಹಾಕಿ ನುಡಿಸಲು ಬರೆದದ್ದು. ವೃಂದದ ನಿಜವಾದ ಶಕ್ತಿ ತಂತಿವಾದ್ಯಗಳಲ್ಲಿದೆ ಎಂಬುದು ಇಲ್ಲಿಯೇ ಸ್ಪಷ್ಟವಾಯಿತು. ಕೊನೆಯ ಭಾಗದಲ್ಲಿ ಹಿತ್ತಾಳೆಯ ಹಾರ್ನ್‌ಗಳು ಮೂರು ಸ್ವರಗಳ ಗಂಟೆನಾದವನ್ನು ಬಿಡದೆ ಮರುನುಡಿಸಬೇಕು. ಆ ಕೆಲಸದಲ್ಲಿ ಅವು ಒಂದೆರಡು ಕಡೆ ಶ್ರುತಿಯಿಂದ ಜಾರಿದವು. ಕಡಲ ಪಕ್ಕದ ತೇವದ ಗಾಳಿಯಿಂದ ಹವಾನಿಯಂತ್ರಿತ ಕೋಣೆಗೆ ಬಂದ ವಾದ್ಯಗಳು ಶ್ರುತಿಗೆ ನೆಲೆಗೊಳ್ಳಲು ಹೊತ್ತು ಬೇಕು. ಕಛೇರಿ ತಡವಾಗಿಯೇ ಆರಂಭವಾಗಿದ್ದರಿಂದ ಆ ಹೊತ್ತು ಅವರಿಗೆ ಸಿಗಲಿಲ್ಲವೆಂದು ತೋರುತ್ತದೆ.

ಸ್ಯಾಕ್ಸೊಫೋನ್ ಕುರಿತು ನಮ್ಮ ಕರಾವಳಿಯ ಕೇಳುಗರಿಗೆ ವಿಶೇಷ ಪರಿಚಯ ಬೇಕಿಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯ, ಫ್ರೆಂಚ್ ಸೇನೆಯ ಬ್ಯಾಂಡುಗಳ ಮೂಲಕ ಲೋಕವನ್ನೆಲ್ಲ ಸುತ್ತಿತು. ನಾಗಸ್ವರ ವಾದಕರ ಮಗನಾಗಿ ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮನಸೋತು, ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್ ವೇದಿಕೆಗೂ ಒಯ್ದರು. ಇಂದು ಕರಾವಳಿಯ ತೇರು, ಮದುವೆ, ಉತ್ಸವಗಳಲ್ಲಿ ವಾಲಗದವರ ಜೊತೆಗೆ ಅಥವಾ ವಾಲಗದ ಬದಲಿಗೆ ಸ್ಯಾಕ್ಸೊಫೋನ್ ಕೇಳುವುದು ನಮಗೆ ಸಹಜವಾಗಿಬಿಟ್ಟಿದೆ. ಆದ್ದರಿಂದಲೇ ನಮ್ಮ ಕಿವಿಗೆ ಈ ವಾದ್ಯವೆಂದರೆ ಬಯಲಿನಲ್ಲಿ, ಡೋಲಿನ ಮೇಲೆ, ಜನಜಂಗುಳಿಯನ್ನು ದಾಟಿ ಕೇಳಬೇಕಾದ ವಾದ್ಯ. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಲ್ಲಿ ಹಿಡಿದ ತೆಳುವಾದ ಜೊಂಡಿನ ಸೀಳು, ಅಂದರೆ ರೀಡಿನಿಂದ. ಹೀಗಾಗಿ ಅದನ್ನು ಮರದ ಸುಷಿರವಾದ್ಯಗಳ ಬಳಗಕ್ಕೆ ಸೇರಿಸುತ್ತಾರೆ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ವಿಚಿತ್ರವಾಗಿಯೇ ಕಂಡೀತು. ಅದು ವಿಚಿತ್ರವಲ್ಲ ಎಂಬುದನ್ನು ಆ ಸಂಜೆಯ ಎರಡನೆಯ ಕೃತಿ ತೋರಿಸಿಕೊಟ್ಟಿತು.

ರಷ್ಯದ ಗ್ಲಾಜುನೋವ್ ಆಲ್ಟೊ ಸ್ಯಾಕ್ಸೊಫೋನ್ ಮತ್ತು ತಂತಿವಾದ್ಯಗಳಿಗಾಗಿ 1934ರಲ್ಲಿ ಬರೆದ ಕನ್ಚೆರ್ಟೊ (ಒಂಟಿ ವಾದ್ಯ ಮುಂದಾಗಿ ವೃಂದದೊಡನೆ ನುಡಿಸುವ ಕೃತಿ) ಇಡೀ ಕಛೇರಿಯ ತಿರುಳು. 1928ರಲ್ಲಿ ದೇಶ ಬಿಟ್ಟು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ, ಎಪ್ಪತ್ತರ ಹತ್ತಿರ ಬಂದಿದ್ದ ಆ ಸಂಯೋಜಕನನ್ನು ಜರ್ಮನ್ ಮೂಲದ ವಾದಕ ಸಿಗುರ್ಡ್ ರಾಶರ್ ಬೆನ್ನುಬಿಡದೆ ಕೇಳಿ ಬರೆಯಿಸಿದ ಕೃತಿಯಿದು. ಅದೇ ವರ್ಷ ನವೆಂಬರಿನಲ್ಲಿ ಸ್ವೀಡನ್ನಿನ ನ್ಯೂಶೋಪಿಂಗಿನಲ್ಲಿ ಮೊದಲ ಬಾರಿಗೆ ನುಡಿಸಲ್ಪಟ್ಟಿತು. ಹದಿನಾಲ್ಕು ನಿಮಿಷಗಳ ಆಸುಪಾಸಿನ ಕೃತಿ ಎಲ್ಲಿಯೂ ನಿಲ್ಲದೆ ಒಂದೇ ಹರಿವಿನಲ್ಲಿ ಸಾಗುತ್ತದೆ. ಗಾಳಿವಾದ್ಯಗಳಾಗಲಿ ತಾಳವಾದ್ಯಗಳಾಗಲಿ ಇಲ್ಲಿಲ್ಲ. ಕೆಳಗೆ ತಂತಿವಾದ್ಯಗಳ ಹಾಸು, ಅದರ ಮೇಲೆ ಒಬ್ಬರ ಉಸಿರು, ಅಷ್ಟೇ. ತಂತಿವಾದ್ಯಗಳೆಲ್ಲ ಸೇರಿ ಆರಂಭದ ಗಂಭೀರ ಸ್ವರಸಾಲನ್ನು ನುಡಿಸಿ ಹಿಂದೆ ಸರಿದಾಗ ಸ್ಯಾಕ್ಸೊಫೋನ್ ಪ್ರವೇಶಿಸಿದ ರೀತಿಯನ್ನು ವಿವರಿಸುವುದು ಕಷ್ಟ. ಎಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಮುಗಿಯಿತು, ಎಲ್ಲಿ ಸ್ಯಾಕ್ಸೊಫೋನ್ ಆರಂಭವಾಯಿತು ಎಂದು ಒಂದು ಕ್ಷಣ ತಿಳಿಯಲಿಲ್ಲ. ಬಯಲಿನ ಸ್ಯಾಕ್ಸೊಫೋನಿನಲ್ಲಿ ನಾವು ನಿರೀಕ್ಷಿಸುವ ಹೊಳಪು, ಚೂಪು ಇಲ್ಲಿ ಇರಲಿಲ್ಲ. ಮಂದ್ರದಲ್ಲಿ ಪಿಟೀಲು ಬಳಗದ ದೊಡ್ಡ ವಾದ್ಯವಾದ ಚೆಲ್ಲೊದ ಮಾರ್ದವ, ಮಧ್ಯದಲ್ಲಿ ಮನುಷ್ಯಕಂಠದ ಬಿಸುಪು. ಮೇಲಿನ ಸ್ವರಗಳಲ್ಲಿಯೂ ಕಲಾವಿದರು ಎಂದಿಗೂ ಒತ್ತಿ ಊದಲಿಲ್ಲ. ಸ್ವರವೊಂದನ್ನು ಹಿಡಿದು ನಿಲ್ಲಿಸಿದಾಗ ಮೊದಲು ಅಲುಗದೆ ನೇರವಾಗಿ ನಿಲ್ಲಿಸಿ, ಮುಗಿಯುವ ಹೊತ್ತಿಗೆ ಮಾತ್ರ ಸಣ್ಣ ಕಂಪನ ಸೇರಿಸುವ ಅವರ ಪದ್ಧತಿ ನನಗೆ ಬಹಳ ಹಿಡಿಸಿತು.

ಕೃತಿಯ ನಡುವೆ ವೃಂದ ಮೌನವಾಗಿ, ವಾದಕರೊಬ್ಬರೇ ನುಡಿಸುವ ‘ಕದೆನ್ಸಾ’ ಭಾಗ ಬರುತ್ತದೆ. ಅದು ಮುಗಿಯುತ್ತಿದ್ದಂತೆ ಸಭೆಯ ಅರ್ಧಕ್ಕರ್ಧ ಜನ ಚಪ್ಪಾಳೆ ತಟ್ಟಿದರು. ಇದನ್ನು ಕಂಡು ಮುಂದಿನ ಸಾಲಿನ ಕೆಲವರು ತಿರುಗಿ ದುರುಗುಟ್ಟಿದ್ದು ಅನಗತ್ಯವಾಗಿತ್ತು. ಒಳ್ಳೆಯ ತಾನವೊಂದು ಬಂದಾಗ ‘ವಾಹ್’ ಎನ್ನದೆ ಇರುವುದು ಹಿಂದೂಸ್ತಾನಿ ಬೈಠಕ್ಕುಗಳಲ್ಲಿ ಬೆಳೆದ ಉತ್ತರ ಕನ್ನಡದ ಕೇಳುಗನಿಗೆ ಸಾಧ್ಯವಿಲ್ಲ. ಮೊಜಾರ್ಟ್ ಕೂಡ 1778ರಲ್ಲಿ ಪ್ಯಾರಿಸ್ಸಿನಿಂದ ತಂದೆಗೆ ಬರೆದ ಪತ್ರದಲ್ಲಿ, ತನ್ನ ಸಿಂಫನಿಯ ನಡುವೆಯೇ ಜನ ಚಪ್ಪಾಳೆ ತಟ್ಟಿದ್ದನ್ನು ಸಂತೋಷದಿಂದ ಹೇಳಿಕೊಂಡಿದ್ದಾನೆ. ವೃಂದವನ್ನು ನಡೆಸುತ್ತಿದ್ದ ನಿರ್ದೇಶಕಿ ಇದಕ್ಕೆ ಮುಖ ಸಿಂಡರಿಸದೆ, ಚಪ್ಪಾಳೆ ಇಳಿಯುವ ತನಕ ಕೋಲನ್ನು ಎತ್ತಿ ಹಿಡಿದು ಕಾದು, ನಂತರ ಕುಣಿತದ ನಡೆಯ ಕೊನೆಯ ಭಾಗಕ್ಕೆ ಕೈಯಿಟ್ಟರು. ಒಂದು ಗುಂಪು ಹೇಳಿದ ಧಾಟಿಯನ್ನು ಇನ್ನೊಂದು ಗುಂಪು ಹಿಂದಿನಿಂದ ಎತ್ತಿಕೊಂಡು ಬೆನ್ನಟ್ಟುವ ಈ ಭಾಗದಲ್ಲಿ ಎರಡನೆಯ ಪಿಟೀಲುಗಳು ಸ್ವಲ್ಪ ಮುಗ್ಗರಿಸಿದವು. ಆದರೆ ಲಯ ಎಲ್ಲಿಯೂ ಕೈತಪ್ಪಲಿಲ್ಲ.

ಮೊದಲರ್ಧದ ಕೊನೆಗೆ ಸೊಪ್ರಾನೊ ಗಾಯಕಿ ರಷ್ಯದ ಸಂಯೋಜಕ ರಖ್ಮಾನಿನೋವನ ‘ವೋಕಲೀಸ್’ ಹಾಡಿದರು. ಆಂತೋನಿನಾ ನೆಜ್ದಾನೊವಾ ಎಂಬ ಪ್ರಸಿದ್ಧ ಗಾಯಕಿಗೆ ಅರ್ಪಿಸಿದ ಈ ಗೀತೆಗೆ ಸಾಹಿತ್ಯವೇ ಇಲ್ಲ. ಒಂದೇ ಸ್ವರಾಕ್ಷರವನ್ನು ಹಿಡಿದು ಇಡೀ ಗೀತೆಯನ್ನು ಹಾಡಬೇಕು. ಆಲಾಪ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಹೊಸತಲ್ಲವಾದರೂ ಇಲ್ಲಿನ ಕಟ್ಟುಪಾಡು ಬೇರೆ: ಪ್ರತಿಯೊಂದು ಸ್ವರವೂ ಬರೆದಿಟ್ಟದ್ದು, ಗಾಯಕಿಯ ಸ್ವಾತಂತ್ರ್ಯವೆಲ್ಲ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಸದ್ದು ಕುಗ್ಗಿಸಬೇಕು ಎಂಬುದರಲ್ಲಿದೆ. ಮೈಕಿಲ್ಲದೆ, ನಲವತ್ತು ವಾದ್ಯಗಳ ಮುಂದೆ ನಿಂತು ಹಾಡಿದ ಈ ಕಂಠ ಕೊನೆಯ ಸಾಲಿನ ತನಕ ಹೇಗೆ ತಲುಪಿತು ಎಂದು ಬಿಡುವಿನಲ್ಲಿ ಕೆಲವರು ಅಚ್ಚರಿಪಟ್ಟರು. ವಾದ್ಯವೃಂದದ ಶಕ್ತಿಯ ಬಹುಪಾಲು ಕೆಳಗಿನ ಆವರ್ತನಗಳಲ್ಲಿ, ಸರಿಸುಮಾರು 500 ಹರ್ಟ್ಸ್‌ನ ಆಸುಪಾಸಿನಲ್ಲಿ ಇರುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ಅದು ಇಳಿಯುತ್ತ ಹೋಗುತ್ತದೆ. ಸೊಪ್ರಾನೊ ಗಾಯಕಿ ತಾರಸ್ಥಾಯಿಗೆ ಏರುತ್ತಿದ್ದಂತೆ ದವಡೆಯನ್ನು ತಗ್ಗಿಸಿ ಬಾಯಿಯನ್ನು ಅಗಲವಾಗಿ ತೆರೆದು, ಬಾಯಿ ಮತ್ತು ಗಂಟಲಿನ ಪೊಳ್ಳಿನ ಅನುರಣನವನ್ನು ತಾನು ಹಾಡುತ್ತಿರುವ ಸ್ವರಕ್ಕೇ ಸರಿಹೊಂದಿಸಿಕೊಳ್ಳುತ್ತಾಳೆ. ಹೆಚ್ಚು ಶ್ರಮವಿಲ್ಲದೆ ಸದ್ದು ಇಮ್ಮಡಿಸುವುದು ಇದರಿಂದ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಮೇಲಿನ ಸ್ವರಗಳಲ್ಲಿ ‘ಇ’ಕಾರವೂ ‘ಉ’ಕಾರವೂ ‘ಆ’ಕಾರದ ಕಡೆಗೆ ವಾಲಿ, ಮಾತು ಅಸ್ಪಷ್ಟವಾಗುತ್ತದೆ. ಮಾತೇ ಇಲ್ಲದ ‘ವೋಕಲೀಸ್’ನಲ್ಲಿ ಆ ನಷ್ಟವೂ ಇರಲಿಲ್ಲ. ಚಂಡೆ ಮದ್ದಳೆಗಳ ನಡುವೆ ಏರುಶ್ರುತಿಯಲ್ಲಿ ಹಾಡುವ ಬಡಗುತಿಟ್ಟಿನ ಭಾಗವತರನ್ನು ರಾತ್ರಿಯಿಡೀ ಕೇಳಿದವರಿಗೆ ಎತ್ತರದ ದನಿಯೇನೂ ಅಪರಿಚಿತವಲ್ಲ. ಆದರೆ ಅಷ್ಟು ಎತ್ತರದಲ್ಲಿ ಇಷ್ಟು ಮೆಲ್ಲಗೆ ಹಾಡಲು ಸಾಧ್ಯವೆಂಬುದು ನನಗೆ ಹೊಸ ಅನುಭವ. ಕೊನೆಯ ಸಾಲಿನಲ್ಲಿ ಮೂಲಧಾಟಿಯನ್ನು ಪಿಟೀಲುಗಳು ಹಿಡಿದಾಗ ಗಾಯಕಿ ಅದರ ಮೇಲೆ ಬೇರೊಂದು ಎಳೆಯನ್ನು ಎಳೆದು ನಿಲ್ಲಿಸಿದರು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.

ಬಿಡುವು ಹದಿನೈದು ನಿಮಿಷವೆಂದು ಘೋಷಿಸಿದ್ದು ಅದರ ಎರಡರಷ್ಟಾಯಿತು. ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆಗೂ ಗೋವಾಕ್ಕೂ ಹೋಗಬೇಕಾದವರು ಗಡಿಯಾರ ನೋಡತೊಡಗಿದರು. ಚಹಾ ಚೆನ್ನಾಗಿತ್ತು. ಹಿಂದಿನ ಸಾಲಿನ ಕೆಲವರು ‘ಸರಿಯಾಗಿ ಕೇಳುವುದಿಲ್ಲ’ ಎಂದು ದೂರಿದ್ದರಿಂದಲೋ, ಮೈಕಿಲ್ಲದ ಕಾರ್ಯಕ್ರಮ ಕಾರ್ಯಕ್ರಮವೇ ಅಲ್ಲವೆಂಬ ಅಭ್ಯಾಸದಿಂದಲೋ, ಒಳಗೆ ಮರಳುವ ಹೊತ್ತಿಗೆ ಗಾಯಕಿಯ ಮುಂದೆ, ಸ್ಯಾಕ್ಸೊಫೋನಿನ ಮುಂದೆ, ಮೊದಲ ಸಾಲಿನ ಪಿಟೀಲುಗಳ ಮುಂದೆ ಮೈಕುಗಳು ಎದ್ದು ನಿಂತಿದ್ದವು. ಟಾಗೋರ್ ಕಡಲತೀರದ ಬಯಲು ವೇದಿಕೆಯಾಗಿದ್ದರೆ ಅಲೆಯ ಸದ್ದಿಗೂ ಗಾಳಿಗೂ ಎದುರಾಗಿ ಮೈಕು ಅನಿವಾರ್ಯವೆಂದು ನಾನೂ ಒಪ್ಪುತ್ತಿದ್ದೆ. ನಾಲ್ಕು ಗೋಡೆಗಳ ಸಭಾಂಗಣದಲ್ಲಿ, ಮೊದಲರ್ಧ ಅಷ್ಟು ಚೆನ್ನಾಗಿ ಕೇಳಿಸಿದ ಮೇಲೆ, ಇದರ ಅಗತ್ಯ ಇರಲಿಲ್ಲ.

ಪರಿಣಾಮ ಚೆಕ್ ಸಂಯೋಜಕ ಡ್ವೊರ್ಜಾಕ್‌ನ ‘ರುಸಾಲ್ಕಾ’ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕದ) ಚಂದ್ರಗೀತೆಯಲ್ಲಿಯೇ ಗೊತ್ತಾಯಿತು. 1901ರಲ್ಲಿ ಪ್ರಾಗ್‌ನಲ್ಲಿ ಮೊದಲು ಪ್ರದರ್ಶಿತವಾದ ಈ ಒಪೆರಾದಲ್ಲಿ, ಮನುಷ್ಯನನ್ನು ಪ್ರೀತಿಸಿದ ಜಲಕನ್ಯೆಯೊಬ್ಬಳು ತನ್ನ ಪ್ರಿಯನಿರುವಲ್ಲಿ ಬೆಳಕು ಚೆಲ್ಲೆಂದು ಚಂದ್ರನನ್ನು ಬೇಡಿಕೊಳ್ಳುತ್ತಾಳೆ. ಗಾಯಕಿ ನಿಂತದ್ದು ವೇದಿಕೆಯ ನಡುವೆ. ದನಿ ಬಂದದ್ದು ಎಡಬದಿಯ ಸ್ಪೀಕರಿನಿಂದ. ತನ್ನ ಕಂಠವನ್ನು ತಾನೇ ದೊಡ್ಡದು ಮಾಡಿಕೊಳ್ಳುವ ವಿದ್ಯೆಯನ್ನು ವರ್ಷಗಟ್ಟಲೆ ಕಲಿತವರ ಮುಂದೆ ಮೈಕ್ ಇಟ್ಟರೆ, ಅವರು ಸ್ವರವನ್ನು ಬೆಳೆಸಿದಾಗಲೆಲ್ಲ ಯಂತ್ರ ಕಿರುಚುತ್ತದೆ. ಕಿರುಚದಂತೆ ಧ್ವನಿ ನಿಯಂತ್ರಿಸುವವರು ಗುಂಡಿ ತಗ್ಗಿಸಿದರೆ, ಮರುಗಳಿಗೆಯ ಮೆಲುಸ್ವರ ಮಾಯವಾಗುತ್ತದೆ. ಎರಡೂ ನಡೆದವು. ಹಾರ್ಪ್ ಇಲ್ಲದ್ದರಿಂದ ಅದರ ಭಾಗವನ್ನು ಕೀಬೋರ್ಡಿನಲ್ಲಿ ನುಡಿಸಿದ್ದೂ ಈ ಗೀತೆಗೆ ಒಗ್ಗಲಿಲ್ಲ. ಗೀತೆಯ ಮೊದಲ ಸಾಲುಗಳಲ್ಲಿ ನೀರಿನ ಮೇಲಿನ ಬೆಳಕನ್ನು ಕಾಣಿಸಬೇಕಾದದ್ದು ಹಾರ್ಪಿನ ತಂತಿಗಳೇ. ಕೀಬೋರ್ಡಿನಲ್ಲಿ ಅದು ಪ್ಲಾಸ್ಟಿಕ್ ಹೂವಿನಂತಾಯಿತು. ಮೊಜಾರ್ಟ್ ತನ್ನ ಹದಿನಾರನೆಯ ವಯಸ್ಸಿನಲ್ಲಿ ಮಿಲಾನಿನಲ್ಲಿ ಬರೆದ ಕೃತಿಯ ‘ಅಲ್ಲೆಲೂಯ’ವನ್ನು ಗಾಯಕಿ ಚುರುಕಾಗಿ ಹಾಡಿ ಮುಗಿಸಿದರು. ಇಟಲಿಯ ಪುಚ್ಚೀನಿಯ ‘ಜಾನ್ನಿ ಸ್ಕಿಕ್ಕಿ’ ಒಪೆರಾದಲ್ಲಿ ಮಗಳು ತಂದೆಯನ್ನು ಬೇಡಿಕೊಳ್ಳುವ ಚಿಕ್ಕ ಹಾಡಿಗೆ, ಎಲ್ಲರಿಗೂ ಎಲ್ಲೋ ಕೇಳಿದ ನೆನಪಿದ್ದುದರಿಂದ, ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಸಿಕ್ಕಿತು.

ಆಯ್ಕೆಯ ಬಗೆಗೆ ಒಂದು ಆಕ್ಷೇಪವಿದೆ. ಸೊಪ್ರಾನೊ ಮತ್ತು ವಾದ್ಯವೃಂದಕ್ಕಾಗಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರೌಸ್ ಬದುಕಿನ ಕೊನೆಯಲ್ಲಿ ಬರೆದ ನಾಲ್ಕು ಗೀತೆಗಳು ಆತ ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಕಂಠದಲ್ಲಿ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಮೊದಲ ಬಾರಿಗೆ ಕೇಳಿಬಂದವು. ಆ ಕಛೇರಿಗೆ ಹಣದ ಬೆಂಬಲ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಕನ್ನಡ ನಾಡಿನ ವೇದಿಕೆಯಲ್ಲಿ ಸೊಪ್ರಾನೊ ಒಬ್ಬರು ವಾದ್ಯವೃಂದದೊಡನೆ ಹಾಡುವಾಗ ಆ ನಾಲ್ಕರಲ್ಲಿ ಒಂದನ್ನಾದರೂ ಹಾಡಬಹುದಿತ್ತು. ಅವು ಸುಲಭದ ಗೀತೆಗಳಲ್ಲ, ದೊಡ್ಡ ವೃಂದವನ್ನು ಬೇಡುತ್ತವೆ ಎಂಬುದು ನಿಜ. ಆದರೆ ‘ವೋಕಲೀಸ್’ ಅನ್ನು ಹಾಗೆ ಹಾಡಿದವರಿಂದ ಅದನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ. ನಿರೂಪಕರು ಕನ್ನಡ ಮತ್ತು ಕೊಂಕಣಿಯಲ್ಲಿ ಪ್ರತಿ ಕೃತಿಗೂ ಮೊದಲು ದೀರ್ಘವಾಗಿ ಮಾತನಾಡಿದರೂ ಇಂಥ ಸಂಗತಿಗಳನ್ನು ಹೇಳಲಿಲ್ಲ. ಬದಲಿಗೆ ಸಂಗೀತಕ್ಕೆ ಭಾಷೆಯಿಲ್ಲವೆಂದು ಹಲವು ಸಲ ಹೇಳಿದರು. ಭಾಷೆ ಇತ್ತು. ಚೆಕ್, ಲ್ಯಾಟಿನ್, ಇಟಾಲಿಯನ್, ಪೋರ್ಚುಗೀಸ್ ಗೀತೆಗಳ ಸಾರವನ್ನು ಕನ್ನಡದಲ್ಲಿ ಮುದ್ರಿಸಿ ಒಂದು ಹಾಳೆ ಕೊಟ್ಟಿದ್ದರೆ ಸಾಕಾಗುತ್ತಿತ್ತು. ಕೈಗೆ ಸಿಕ್ಕ ಹೊತ್ತಗೆ ಪೂರ್ತಿ ಇಂಗ್ಲಿಷಿನಲ್ಲಿದ್ದು, ಅದರ ಅರ್ಧಭಾಗ ಜಾಹೀರಾತಾಗಿತ್ತು.

ಸ್ಯಾಕ್ಸೊಫೋನ್ ಅತಿಥಿಯ ಎರಡನೆಯ ಸರದಿ ಫ್ರೆಂಚ್ ಸಂಯೋಜಕ ಮಿಯೋನ ‘ಸ್ಕಾರಮೂಶ್’ನ ಕೊನೆಯ ಭಾಗ. ಬ್ರೆಜಿಲಿನ ಕುಣಿತವಾದ ಸಾಂಬಾದ ಲಯದ ಈ ತುಣುಕಿಗೆ ಮೈಕ್ ಅಷ್ಟೇನೂ ಕೆಡುಕು ಮಾಡಲಿಲ್ಲ, ಗ್ಲಾಜುನೋವ್‌ನಲ್ಲಿ ಅವರು ಅಡಗಿಸಿಟ್ಟಿದ್ದ ಹೊಳಪು ಇಲ್ಲಿ ಹೊರಬಂತು. ರಸಮಂಜರಿಯ ನಿರೀಕ್ಷೆಯಲ್ಲಿ ಬಂದು ಅಷ್ಟು ಹೊತ್ತು ಪೇಚಾಡುತ್ತಿದ್ದ ನನ್ನ ಹಿಂದಿನ ಸಾಲಿನ ಯುವಕರೂ ಇಲ್ಲಿ ಕಾಲು ಕುಣಿಸಿದರು.

ಕೊನೆಯಲ್ಲಿ ಇಬ್ಬರು ಅತಿಥಿಗಳೂ ಒಟ್ಟಿಗೆ ಬಂದದ್ದು ಬ್ರೆಜಿಲ್‌ನ ವಿಲಾ-ಲೋಬೋಸ್‌ನ ಐದನೆಯ ‘ಬಾಕಿಯಾನಸ್ ಬ್ರಜಿಲೇರಸ್’ನ ಮೊದಲ ಭಾಗಕ್ಕೆ. 1938ರ ಈ ಕೃತಿಯ ಮೂಲರೂಪ ಒಬ್ಬ ಸೊಪ್ರಾನೊ ಮತ್ತು ಎಂಟು ಚೆಲ್ಲೊಗಳಿಗೆ. ಇಲ್ಲಿ ಇದ್ದದ್ದು ನಾಲ್ಕೇ ಚೆಲ್ಲೊ. ಉಳಿದ ಭಾಗಗಳನ್ನು ವಯೋಲಾಗಳಿಗೂ ಡಬಲ್ ಬಾಸಿಗೂ ಹಂಚಿದ್ದರು. ಮೂಲದಲ್ಲಿ ಗಾಯಕಿಯ ಧಾಟಿಯನ್ನೇ ಒಂದು ಸ್ಥಾಯಿ ಕೆಳಗೆ ಚೆಲ್ಲೊ ಒಂದು ಹಿಂಬಾಲಿಸುತ್ತದೆ. ಆ ಕೆಲಸವನ್ನು ಇಲ್ಲಿ ಸ್ಯಾಕ್ಸೊಫೋನಿಗೆ ಕೊಟ್ಟಿದ್ದರು. ಇದು ನಿಜಕ್ಕೂ ಒಳ್ಳೆಯ ಯೋಚನೆ. ಇದಕ್ಕಿಂತ ಒಳ್ಳೆಯದು, ಹಾಡಲು ಬರುವ ಮೊದಲು ಗಾಯಕಿ ತಮ್ಮ ಮುಂದಿದ್ದ ಮೈಕಿನ ಕಂಬವನ್ನು ತಾವೇ ಎತ್ತಿ ಬದಿಗಿಟ್ಟದ್ದು. ಸ್ಯಾಕ್ಸೊಫೋನ್ ವಾದಕರೂ ತಮ್ಮ ಮೈಕಿನಿಂದ ನಾಲ್ಕು ಹೆಜ್ಜೆ ದೂರ ಸರಿದು ನಿಂತರು. ಚೆಲ್ಲೊಗಳು ಬಿಲ್ಲು ಬಿಟ್ಟು ತಂತಿ ಮೀಟುತ್ತಿರುವಾಗ, ಒಂದೇ ಧಾಟಿಯನ್ನು ಕಂಠವೂ ರೀಡೂ ಒಟ್ಟಿಗೆ ಹಿಡಿದವು. ಗಾಯಕಿ ಉಸಿರು ತೆಗೆದುಕೊಳ್ಳುವಲ್ಲಿಯೇ ವಾದಕರೂ ತೆಗೆದುಕೊಳ್ಳುತ್ತಿದ್ದರು. ಸಂಜೆಯ ಬಾನಿನಲ್ಲಿ ಚಂದ್ರೋದಯವನ್ನು ವರ್ಣಿಸುವ ನಡುವಿನ ಪೋರ್ಚುಗೀಸ್ ಸಾಲುಗಳಲ್ಲಿ ಮಾತು ಬಹುಪಾಲು ಒಂದೇ ಸ್ವರದ ಮೇಲೆ ವೇಗವಾಗಿ ಓಡುತ್ತದೆ. ಅಲ್ಲಿ ಉಚ್ಚಾರ ಆ ಸಂಜೆಯಲ್ಲೇ ಅತ್ಯಂತ ಸ್ಪಷ್ಟವಾಗಿತ್ತು. ನಂತರ ಮೊದಲಿನ ಧಾಟಿಯೇ ಮರಳಿ ಬಂದಾಗ ಅದನ್ನು ಬಾಯಿ ಮುಚ್ಚಿ ಗುನುಗಬೇಕು. ಗುನುಗುವಿಕೆ ಮೈಕಿಲ್ಲದೆ ಕೇಳಬಹುದೇ ಎಂಬ ಅನುಮಾನವಿತ್ತು. ನಿರ್ದೇಶಕಿ ವೃಂದವನ್ನು ಇನ್ನಷ್ಟು ಕುಗ್ಗಿಸಿದರು, ಸ್ಯಾಕ್ಸೊಫೋನ್ ಅದಕ್ಕೂ ಕೆಳಗೆ ಇಳಿಯಿತು. ಹನ್ನೆರಡನೆಯ ಸಾಲಿನಲ್ಲಿ ಕುಳಿತ ನನಗೆ ಎಲ್ಲವೂ ಕೇಳಿತು.

ಮರುಕೋರಿಕೆಗೆ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ‘ರಘುವಂಶ ಸುಧಾ’ ಕೃತಿಯನ್ನು ವೃಂದಕ್ಕೆ ಹೊಂದಿಸಿ ನುಡಿಸಿದರು. ಕದನಕುತೂಹಲ ರಾಗದ ಜಿಗಿಯುವ ಸ್ವರಗಳು ಪಾಶ್ಚಾತ್ಯ ವಾದ್ಯಗಳಿಗೆ ಒಗ್ಗುವಂಥವೇ, ಆದ್ದರಿಂದ ಆಯ್ಕೆ ಸರಿ. ಆದರೆ ಕದ್ರಿಯವರನ್ನು ಕೇಳಿದ ಕರಾವಳಿಯಲ್ಲಿ ಸ್ಯಾಕ್ಸೊಫೋನಿನಿಂದ ಈ ಕೃತಿ ಬಂದಾಗ ಗಮಕವನ್ನು ನಿರೀಕ್ಷಿಸುವುದು ಸಹಜ. ಅತಿಥಿ ವಾದಕರ ಸ್ವರಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಂತವು. ಸಂಜೆಯ ಸೌಜನ್ಯವೆಂದು ಅದನ್ನು ಸ್ವೀಕರಿಸಬಹುದು.

ಟಿಕೆಟ್ ದರ ಎರಡು ಹಂತದ್ದಾಗಿದ್ದು, ಕಡಿಮೆ ದರದ ಆಸನಗಳೇ ವಾಸಿ. ಮುಂದಿನ ನಾಲ್ಕು ಸಾಲುಗಳಲ್ಲಿ ಪಿಟೀಲುಗಳ ಬಿಲ್ಲಿನ ಗರಗರ ಸದ್ದು ಮೊದಲು ಕಿವಿಗೆ ಬಿದ್ದು, ಹಿಂದಿರುವ ಓಬೋ, ಹಾರ್ನ್‌ಗಳು ಮರೆಯಾಗುತ್ತವೆಂದು ಅಲ್ಲಿ ಕುಳಿತಿದ್ದ ಪರಿಚಿತರು ಹೇಳಿದರು. ಈ ವೃಂದ ಮತ್ತೆ ಈ ಕಡೆಗೆ ಬಂದರೆ ಸಭಾಂಗಣದ ನಡುಭಾಗದಲ್ಲಿ, ಸ್ಪೀಕರುಗಳ ನೇರಕ್ಕೆ ಬಾರದಂತೆ ಜಾಗ ಹಿಡಿಯುವುದು ಒಳ್ಳೆಯದು; ಕೊನೆಯ ಬಸ್ ಹಿಡಿಯಬೇಕಾದವರು ಬಿಡುವಿನ ತನಕವಾದರೂ ಕುಳಿತು ಕೇಳಿ ಹೋಗಲಿ.